ಕಿರಿಯವನ ಪಾಲಿನ ಒಲೆ

"ನೀರು ಹುಯ್ದೀಯ, ಜೋಕೆ!" ಎಂದಳು ದೂಲ್ಮಾ.

ಸಂದಾಗ್ ಎತ್ತಿದ ಚೊಂಬನ್ನು ಕೆಳಗಿಟ್ಟ. ಒಲೆಗೆ ನೀರು ಹುಯ್ದವನ ಮನೆ ಉಳಿಯುವುದಿಲ್ಲವೆಂದು ಎಳವೆಯಿಂದ ಕೇಳಿದ್ದ. ನಗರಸಭೆಯ ಹೊಗೆ ತಡೆ ಅಧಿಕಾರಿಯಾದ ಮೇಲೂ ಕೈ ಆ ಭಯವನ್ನು ಮರೆತಿರಲಿಲ್ಲ.

ಉಲಾನ್‌ಬಾತರಿನ ಈ ಗುಡ್ಡದ ಮೇಲೆ ಇನ್ನೂ ಹೊಗೆಯಾಡುತ್ತಿದ್ದುದು ಒಂದೇ ಉಣ್ಣೆಗುಡಾರ. ಅದೂ ಅಧಿಕಾರಿಯ ತಾಯಿಯದು. ಮಧ್ಯಾಹ್ನದೊಳಗೆ ಈ ಹೊಗೆ ನಿಂತರೆ ನಗರಸಭೆ ಕೊಟ್ಟ ವಿದ್ಯುತ್ ಒಲೆಗಳು ಗುಡ್ಡದಲ್ಲೇ ಉಳಿಯುತ್ತವೆ. ಇಲ್ಲದಿದ್ದರೆ ಎಲ್ಲರ ಮನೆಯಿಂದಲೂ ವಾಪಸು.

"ಹಾಗಾದ್ರೆ ಆರಿಸೋದು ಹೇಗಮ್ಮಾ?"

"ಆರಿಸೋದಲ್ವೋ, ಆರೋ ತನಕ ಜೊತೇಲಿರೋದು. ಕೂತ್ಕೊ."

ಕೂತ. ಕಲ್ಲಿದ್ದಲು ಅವಸರವಿಲ್ಲದೆ ಉರಿಯುತ್ತಿತ್ತು.

ಪಕ್ಕದ ಗುಡಾರದ ಹೊರ್ಲೋ ಬಾಗಿಲಲ್ಲಿ ತಲೆ ತೂರಿಸಿದಳು. "ಏನ್ ಸಾಹೇಬ್ರೆ, ಊರವರ ಒಲೆ ಎಲ್ಲಾ ಕೀಳಿಸಿ ಅಮ್ಮನ ಒಲೆಗೆ ಕಾವಲಾ?"

"ಆರ್ತಾ ಇದೆ."

"ಬೇಗ ಆರ್ಲಿ. ನನ್ನ ಮಗು ನಿನ್ನೆ ರಾತ್ರಿ ಒಂದ್ಸಲಾನೂ ಕೆಮ್ಮಲಿಲ್ಲ ಕಣೋ." ಅವಳ ಕಣ್ಣು ತುಂಬಿತ್ತು.

ಸಂದಾಗ್‌ಗೆ ಹೆಮ್ಮೆಯಾಯಿತು. ಇಷ್ಟು ವರ್ಷ ಈ ಕೆಲಸದಲ್ಲಿ ಬೈಗುಳ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ.

ಅಣ್ಣಂದಿರು ಕುದುರೆ, ಕುರಿ ಹಂಚಿಕೊಂಡು ಎಂದೋ ಹೋಗಿದ್ದರು. ಮನೆಯ ಒಲೆ ಮಾತ್ರ ಕಿರಿಯ ಮಗನಿಗೆ ಸೇರಬೇಕು. ಆ ಕಿರಿಯವನು ತಾನೇ.

ದೂಲ್ಮಾ ಕೊಬ್ಬಿನ ತುಂಡೊಂದನ್ನು ಬೆಂಕಿಗೆ ಹಾಕಿದಳು. "ತಿನ್ನಪ್ಪಾ. ಹೊಟ್ಟೆ ತುಂಬ ತಿಂದು ಹೊರಡು."

ಹೇಳಿದ್ದು ಬೆಂಕಿಗೋ, ತನಗೋ ಎಂದು ಸಂದಾಗ್ ತಿರುಗಿ ನೋಡಿದ.

ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಕೊನೆಯ ಕೆಂಡ ಬೂದಿಯಾಯಿತು. ಜನ ಒಳನುಗ್ಗಿ ಒಲೆಯನ್ನು ಹೊತ್ತು ಹೊರಗಿಟ್ಟರು. ಸಂದಾಗ್ ಗುಡಾರದ ಮೇಲೆ ಹತ್ತಿ ಹೊಗೆ ಕೊಳವೆಯನ್ನು ಕಿತ್ತು ತಲೆಯ ಮೇಲೆತ್ತಿ ಹಿಡಿದ. ಗುಡ್ಡಕ್ಕೆ ಗುಡ್ಡವೇ ಕೇಕೆ ಹಾಕಿತು.

"ಬೆಟ್ಟ ನೋಡ್ರೋ! ಬೆಟ್ಟ ಕಾಣ್ತಿದೆ!" ಹೊರ್ಲೋ ಮಗುವನ್ನು ಎತ್ತಿ ತೋರಿಸುತ್ತಿದ್ದಳು. ಚಳಿಗಾಲದಲ್ಲಿ ನದಿಯ ಆಚೆ ದಡದ ಬೆಟ್ಟವನ್ನು ಆ ಮಗು ಕಂಡದ್ದು ಅದೇ ಮೊದಲು.

ಗೆದ್ದೆ, ಎಂದುಕೊಂಡ. ಸುಳ್ಳೇನಲ್ಲ, ಗೆದ್ದಿದ್ದ.

ಒಳಗೆ ಬಂದಾಗ ತಾಯಿ ವಿದ್ಯುತ್ ಒಲೆಯ ಮೇಲೆ ಚಹಾ ಕಾಯಿಸುತ್ತಿದ್ದಳು. ಗುಡಾರದ ನೆತ್ತಿಯ ಕಿಂಡಿಯಿಂದ ಬಿಸಿಲು ನೇರವಾಗಿ ಇಳಿದು, ಒಲೆಯಿದ್ದ ಖಾಲಿ ಜಾಗದ ಮೇಲೆ ದುಂಡಗೆ ಬಿದ್ದಿತ್ತು. ದೂಲ್ಮಾ ಎಂದಿನಂತೆ ಒಲೆಯ ಪಾಲೆಂದು ಮೊದಲ ಚಹಾದಲ್ಲಿ ಬೆರಳದ್ದಿ ಅಲ್ಲಿಗೇ ಚಿಮುಕಿಸಿದಳು.

"ಕಾಯಿಸ್ಕೊಳ್ಳೋ, ಕೈ ಮರಗಟ್ಟಿದೆ."

ಹೊರಗೆ ಜನ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಸಂದಾಗ್ ಕುಕ್ಕರಗಾಲಲ್ಲಿ ಕೂತು ಬಿಸಿಲಿನ ಆ ದುಂಡಿಗೆ ಎರಡೂ ಕೈ ಚಾಚಿದ. ಸ್ವಲ್ಪ ಹೊತ್ತಾದ ಮೇಲೆ, ಇನ್ನೊಂದು ಬದಿ ಕಾಯಲೆಂದು, ಅಂಗೈ ತಿರುಗಿಸಿದ.