ನಾನೇ ಒರೆಸಿದ ಮನೆ ನಂಬರು

ನಾನು ಕೆರೂಬೊ. ನೈರೋಬಿಯ ಹೊಳೆದಂಡೆಯ ತಗಡಿನ ಮನೆಗಳಲ್ಲಿ ನನ್ನದೂ ಒಂದು. ನನ್ನ ಗಂಡ ಒಂಬಾತಿ ಇದನ್ನು ಕಟ್ಟಿದಾಗ ಇಲ್ಲೆಲ್ಲ ಜೊಂಡೇ ಜೊಂಡು. ಕೂಲಿ ಸಿಕ್ಕ ದಿನ ಒಂದು ತಗಡು, ಸಿಗದ ದಿನ ಬರೀ ಹಾಡು. ಬೆಳಿಗ್ಗೆ ನಾನು ಮಂದಾಜಿ ಎಂಬ ಸಿಹಿ ಬೋಂಡ ಕರಿಯಲು ಕೂತರೆ ಓಣಿಯ ಮಕ್ಕಳೆಲ್ಲ ಬಾಣಲೆಯ ಸುತ್ತ ಮುತ್ತಿಕೊಳ್ಳುತ್ತಿದ್ದರು. ಆಗ ಯಾರ ಮನೆಗೂ ನಂಬರಿರಲಿಲ್ಲ. ದಾರಿ ಕೇಳಿದವರಿಗೆ, "ಕೆರೂಬೊ ಬಾಣಲೆ ದಾಟಿ ಎಡಕ್ಕೆ ಹೋಗಿ" ಅನ್ನುತ್ತಿದ್ದರು. ಎಂಥಾ ದಿನಗಳು! ಒಂಬಾತಿ ಈಗಿಲ್ಲ. ಅವನು ಹೊಡೆದ ಮೊಳೆಗಳಿವೆ.

ಹೋದ ತಿಂಗಳು ನಮ್ಮ ಓಣಿಯ ಸಂಘದ ನೆಕೇಸಾ ಬಂದು ನನ್ನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ೨೧೪ ಎಂದು ಬರೆದಳು. ಅವಳು ಓಣಿ ತಿರುಗುವಷ್ಟರಲ್ಲಿ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ. ಹಿಂದೊಮ್ಮೆ ಆಚೆ ದಂಡೆಯ ಬಾಗಿಲುಗಳಿಗೆ ಕೆಂಪು ಗುರುತು ಬಿದ್ದಿತ್ತು. ವಾರದೊಳಗೆ ಬುಲ್ಡೋಜರ್ ಬಂತು. ಆ ಭಯ ನನಗಿನ್ನೂ ಹೋಗಿರಲಿಲ್ಲ.

ವಾರದ ಮೇಲೆ ನೆಕೇಸಾ ಮತ್ತೆ ಬಂದಳು. "ಯಾಕಜ್ಜಿ ಒರೆಸಿದೆ?"

"ಗುರುತು ಬಿದ್ದ ಮನೆ ಉಳಿಯಲ್ಲ ಕಣೇ. ನಿಂಗೇನು ಗೊತ್ತು? ಆಗ ನೀನು ಮೂಗು ಸುರಿಸ್ಕೊಂಡು ನನ್ನ ಮಂದಾಜಿ ಕದೀತಿದ್ದೆ."

"ಕದ್ದಿದ್ದು ನಿಜ. ಆದ್ರೆ ಆ ಗುರುತು ಹಾಕಿದ್ದು ಕೆಡವೋರು. ಇದು ನಾವೇ ನಮ್ಮನ್ನ ಎಣಿಸ್ಕೊಳ್ತಿರೋದು. ನಾಳೆ ಹೊಳೆದಂಡೆ ಖಾಲಿ ಮಾಡಿಸಿದ್ರೆ, ಪಟ್ಟೀಲಿರೋರಿಗೆ ಬದಲಿ ಮನೆ ಕೊಡಿ ಅಂತ ಕೇಳ್ಬಹುದು. ಇಲ್ದೋರಿಗೆ ಏನಂತ ಕೇಳೋಣ?"

"ಮೂವತ್ತು ವರ್ಷದಿಂದ ಇದೀನಿ. ನಾನು ಯಾರಿಗೆ ಗೊತ್ತಿಲ್ಲ ಹೇಳು?"

ಅವಳು ನನ್ನ ಕೈ ಹಿಡಿದು ಸಂಘದ ಕೋಣೆಗೆ ಕರೆದೊಯ್ದಳು. ಗೋಡೆಯ ಮೇಲೆ ನಮ್ಮ ಓಣಿಯ ನಕ್ಷೆ ಇತ್ತು. ಅದರಲ್ಲಿ ನಲ್ಲಿ ಇತ್ತು, ಪಾಯಿಖಾನೆ ಇತ್ತು, ಕ್ಷೌರದಂಗಡಿಯೂ ಇತ್ತು. ಬಾಗಿಲ ನಂಬರು ನೋಡಿಕೊಂಡು ನಕ್ಷೆ ಬರೆದವರು ನನ್ನ ಮನೆಯ ಜಾಗವನ್ನು ಖಾಲಿ ಬಿಟ್ಟಿದ್ದರು.

ನನಗೆ ಅಳು ಬಂತು. ಒಂಬಾತಿ ಬೆವರು ಸುರಿಸಿ ಕಟ್ಟಿದ ಮನೆಯನ್ನು ಯಾವ ಬುಲ್ಡೋಜರೂ ಮುಟ್ಟಿರಲಿಲ್ಲ. ನಾನೇ ಇಲ್ಲವಾಗಿಸಿದ್ದೆ.

"ಬರಿ ಕಣೇ," ಎಂದೆ. "ಈ ಸಲ ಬಣ್ಣದಲ್ಲಿ ಬರಿ. ಪಟ್ಟೀಲಿ ನನ್ನ ಹೆಸರಿನ ಜೊತೆ ಒಂಬಾತಿ ಹೆಸರೂ ಹಾಕು. ಕಟ್ಟಿದೋನು ಅವನು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಎಣಿಸುವವರು ನಿಮ್ಮ ಬಾಗಿಲಿಗೂ ಬರುತ್ತಾರೆ. ಯಾರು, ಯಾತಕ್ಕೆ ಎಂದು ಧೈರ್ಯವಾಗಿ ಕೇಳಿ. ನಮ್ಮವರೇ ಎಂದು ಖಾತ್ರಿಯಾದ ಮೇಲೆ ಹೆಸರು ಬರೆಸಿ. ಪಟ್ಟಿಯನ್ನು ಓದಿಸಿ ಕೇಳಿ, ತಪ್ಪಿದ್ದರೆ ತಿದ್ದಿಸಿ. ಹಳೆಯ ಭಯಕ್ಕೆ ಬಿದ್ದು ನಿಮ್ಮ ಮನೆಯನ್ನು ನೀವೇ ಅಳಿಸಬೇಡಿ.