ಕೂಡದ ಬೆರಳುಗಳು

ಏಳು ವರ್ಷದವಳಿದ್ದಾಗ ತಂಗಿ, ಕಿವಿ ಕೇಳದ ಅಣ್ಣನಿಗೆ ಮಾತು ಕೊಟ್ಟಿದ್ದಳು: "ನಾನು ನಿಂಗೆ ಯಾವತ್ತೂ ಕೈ ಕೊಡಲ್ಲ." ಹೇಳಿದ್ದು ಬೆರಳಲ್ಲೇ. ಇಬ್ಬರೂ ಸೇರಿ ಕಟ್ಟಿಕೊಂಡ ಆ ಸನ್ನೆಭಾಷೆಯ ತುಂಬ ಬರೀ ಚಿವುಟಾಟ. ಕಿವಿ ಚಿವುಟಿದರೆ ಅಮ್ಮ, ಕಾಲರ್ ಚಿವುಟಿದರೆ ಧಣಿ. ಹೆಬ್ಬೆರಳು, ತೋರುಬೆರಳು ಕೂಡಿದರೆ 'ಆರಿಸು', ಬಿಟ್ಟುಕೊಂಡರೆ 'ಉರಿಯಲಿ'; ದೀಪಕ್ಕೂ ಯಂತ್ರಕ್ಕೂ ಅದೇ ಸನ್ನೆ.

ಈಗ ಅವಳು ಕೇಕಿನ ಅಂಗಡಿಯಲ್ಲಿ ದಿನವಿಡೀ ಕ್ರೀಮಿನ ಚೀಲ ಹಿಂಡಿ ಹೂ ಬಿಡಿಸುತ್ತಾಳೆ. ಬಲಗೈ ಬೆರಳು ಜುಮುಗುಟ್ಟಿ ಮರಗಟ್ಟತೊಡಗಿದಾಗ ವೈದ್ಯೆ ಸ್ಕ್ಯಾನ್ ಮಾಡಿ ನೋಡಿದ್ದರು.

"ಮಣಿಕಟ್ಟಲ್ಲಿ ನರ ಹಾಯೋಕೆ ಒಂದು ಸುರಂಗ ಇದೆ. ಹೆಬ್ಬೆರಳ ಬುಡದ ಸ್ನಾಯು ನಿಮಗೆ ಆ ಸುರಂಗದ ಚಾವಣಿ ಮೇಲೇ ಹಬ್ಬಿದೆ. ಎಲ್ಲರಿಗೂ ಹಾಗಿರಲ್ಲ. ಚಿವುಟಿದಾಗೆಲ್ಲ ಚಾವಣಿ ಒತ್ತುತ್ತೆ, ನರ ನಲುಗೋಕೆ ಅದೂ ಒಂದು ಕಾರಣ ಇರಬಹುದು."

"ಅಂದ್ರೆ ನನ್ನ ಕೈಯೇ ನಂಗೆ ಕೈ ಕೊಡ್ತಿದೆ ಅನ್ನಿ!"

"ನಗಬೇಡಿ ತಾಯಿ. ಪಟ್ಟಿ ಹಾಕ್ಕೊಳ್ಳಿ, ಚಿವುಟೋದು ಬಿಡಿ."

ಚಿವುಟುವುದು ಬಿಟ್ಟರೆ ಅಣ್ಣನ ಹತ್ತಿರ ಮಾತು ಬಿಟ್ಟ ಹಾಗೆ. ಅವಳು ಬಿಡಲಿಲ್ಲ.

ಅಣ್ಣ ದುಡಿಯುವ ಮರಗೆಲಸದ ಶೆಡ್ಡಿನಲ್ಲಿ ಗರಗಸದ ಮೋಟಾರು ರಾತ್ರಿಯಿಡೀ ಓಡಿ ಸುಟ್ಟುಹೋಯಿತು. ಮರುದಿನ ಧಣಿ, ಅಣ್ಣನ ಸನ್ನೆ ಬಲ್ಲವಳೆಂದು ಅವಳನ್ನೇ ಕರೆಸಿದ. ಕೆಲಸ ಹೋದರೆ, ಈ ವಯಸ್ಸಿನ ಕಿವುಡನಿಗೆ ಇನ್ನೊಂದು ಎಲ್ಲಿಂದ?

"ಹೋಗೋ ಮುಂಚೆ ಮೋಟಾರ್ ಆರಿಸಿದ್ನಾ ಕೇಳಮ್ಮ."

ಅವಳು ಬೆರಳು ಕೂಡಿಸಿ ಕೇಳಿದಳು. ಅಣ್ಣ ಗಾಬರಿಯಿಂದ ಇಲ್ಲ ಇಲ್ಲವೆಂದು ತಲೆಯಾಡಿಸಿದ.

"ನೋಡು, ಅವನೇ ಒಪ್ಕೊಂಡ!"

ಅವಳು ತನ್ನ ಕೈ ನೋಡಿಕೊಂಡಳು. ಬೆರಳುಗಳು ಕೂಡಿರಲೇ ಇಲ್ಲ. ನಡುವೆ ಸಾಸಿವೆಯಷ್ಟು ಸಂದು. ಕೂಡಿವೆಯೋ ಇಲ್ಲವೋ ಅವಳಿಗೆ ಗೊತ್ತಾಗಿರಲಿಲ್ಲ. 'ಉರಿಯೋಕೆ ಬಿಟ್ಟು ಹೋದ್ಯಾ' ಎಂದು ಕೇಳಿದ್ದಳು. ಅದಕ್ಕೆ ಅವನು ಇಲ್ಲವೆಂದಿದ್ದ.

"ಅಯ್ಯೋ, ನಾನು ತಪ್ಪು ಕೇಳಿದೆ ಸ್ವಾಮಿ!" ಎಡಗೈಯಲ್ಲಿ ಬೆರಳು ಗಟ್ಟಿಯಾಗಿ ಕೂಡಿಸಿ ಮತ್ತೆ ಕೇಳಿದಳು. ಅಣ್ಣ ಹೌದು ಹೌದೆಂದು ಎದೆ ಬಡಿದುಕೊಂಡ.

"ಆಗ ಇಲ್ಲ, ಈಗ ಹೌದು. ತಂಗಿ ಕೈ ಬದಲಾಯಿಸಿದ್ರೆ ಅಣ್ಣನ ಮಾತೂ ಬದಲಾಗುತ್ತಾ?"

"ನನ್ನ ಬೆರಳಿಗೆ ಸ್ಪರ್ಶ ಇಲ್ಲ ಸ್ವಾಮಿ, ಮಣಿಕಟ್ಟಲ್ಲಿ ನರ..."

"ಮೋಟಾರ್ ಸುಟ್ಟಿದೆ ಅಂದ್ರೆ ನರದ ಕಥೆ ಹೇಳ್ತೀಯಲ್ಲ! ನಾಳೆಯಿಂದ ಬರೋದು ಬೇಡ ಅಂತ ಹೇಳು. ಅದನ್ನಾದ್ರೂ ಸರಿಯಾಗಿ ಹೇಳು."

ಅದನ್ನೂ ಅವಳೇ ಹೇಳಬೇಕಾಯಿತು, ಎಡಗೈಯಲ್ಲಿ.

ಬೀದಿಗೆ ಬಂದಮೇಲೆ ಅಣ್ಣ ಅವಳ ಬಲಗೈ ಹಿಡಿದು, ಆ ಎರಡು ಬೆರಳುಗಳನ್ನು ತಾನೇ ಕೂಡಿಸಿ, ಒತ್ತಿ, ಅವಳ ಮುಖ ನೋಡಿದ. ಅವಳಿಗೆ ಆ ಒತ್ತು ಗೊತ್ತಾಗಲೇ ಇಲ್ಲ.

ತಂಗಿ ಅಣ್ಣನಿಗೆ ಕೈ ಕೊಟ್ಟಿದ್ದಳು.