ನಾಲ್ಕು ಬೆರಳು ಅಗಲ

ಜೀಪಿನ ಅಡಿಯಿಂದ ಒಂದೇ ಕಾಲು ಹೊರಗೆ ಚಾಚಿತ್ತು. ಇನ್ನೊಂದು ಕಾಲು, ಕಾಲುಚೀಲ ಬೂಟಿನ ಸಮೇತ, ಅಂಗಳದ ಗೋಡೆಗೆ ಒರಗಿ ನಿಂತಿತ್ತು.

“ಹದಿನೇಳರ ಸ್ಪ್ಯಾನರ್ ಕೊಡೇ,” ಎಂದ ಡ್ರೈವರ್ ಅಡಿಯಿಂದಲೇ.

ಜಗಲಿಯ ಮೇಲೆ ಹೊಲಿಗೆ ಮಿಷನ್ ತುಳಿಯುತ್ತಿದ್ದ ಹೆಂಡತಿ ಏಳಲಿಲ್ಲ. “ಕೈಗೆ ಸಿಗೋ ಹಾಗೆ ಇಟ್ಕೊಂಡು ಮಲಗ್ಬೇಕು. ನಾನೇನು ನಿಮ್ಮ ಕ್ಲೀನರ್ರಾ?”

ಆ ಜೀಪನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಸರ್ವೆ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷ ಅವನು ಓಡಿಸಿದ ಗಾಡಿ ಅದು. ಎರಡು ವರ್ಷದ ಹಿಂದೆ ಒಂದು ಇಳಿಜಾರಿನಲ್ಲಿ ಮಗ್ಗುಲಿಗೆ ಉರುಳಿ, ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ಅರೆದುಹಾಕಿತ್ತು. ಈಗ ಅಲ್ಲಿರುವುದು ಬಿಚ್ಚಿ ಕಟ್ಟುವ ಕೃತಕ ಕಾಲು. ಇಲಾಖೆ ಅವನನ್ನೂ ಜೀಪನ್ನೂ ಒಟ್ಟಿಗೇ ಕೆಲಸದಿಂದ ಕಳಿಸಿತು. ಹರಾಜಿಗೆ ಬಂದ ಜೀಪನ್ನು ಕೊಂಡವನೂ ಅವನೇ. “ಕಚ್ಚಿದ ನಾಯೀನ ಯಾರಾದ್ರೂ ಕರ್ಕೊಂಡು ಬಂದು ಸಾಕ್ತಾರಾ?” ಎಂದವಳು ಆಮೇಲೆ ಮೂರು ದಿನ ಅವನ ಜೊತೆ ಮಾತಾಡಿರಲಿಲ್ಲ.

“ತಪ್ಪು ಅದರದ್ದಲ್ಲ, ಆಕ್ಸಲ್ ಗಿಡ್ಡ,” ಎನ್ನುವುದು ಅವನ ವಾದ. “ಕಾಲು ಜೋಡಿಸಿ ನಿಂತೋನ್ನ ಚಿಕ್ಕ ಮಗು ಬೇಕಾದ್ರೂ ತಳ್ಳುತ್ತೆ. ಅಗಲಿಸಿ ನಿಂತ್ರೆ ತಳ್ಳು ನೋಡೋಣ.”

ಗುಜರಿಯಲ್ಲಿ ಅಡ್ಡಾಡಿ, ಒಂದು ಹಳೆಯ ಪಿಕಪ್ಪಿನ ಅಗಲದ ಆಕ್ಸಲ್‌ಗಳನ್ನು ಹುಡುಕಿ ತಂದಿದ್ದ. ಮರದ ದಿಮ್ಮಿಗಳ ಮೇಲೆ ಜೀಪನ್ನು ಎತ್ತಿ ನಿಲ್ಲಿಸಿ, ನಾಲ್ಕು ತಿಂಗಳು ಬೆನ್ನ ಮೇಲೆ ಮಲಗಿಯೇ ಹಿಂದಿನದನ್ನೂ ಮುಂದಿನದನ್ನೂ ಬದಲಾಯಿಸಿದ್ದ. ಕ್ಲಚ್ಚಿಗೆ ಕೈಯಲ್ಲಿ ಎಳೆಯುವ ಸನ್ನೆಕೋಲು ಕೂರಿಸಿದ್ದ. ಉರುಳಿದಾಗ ಆದ ನೆಗ್ಗುಗಳನ್ನು ತಟ್ಟಿ ತಟ್ಟಿ ಕನ್ನಡಿಯ ಹಾಗೆ ಮಾಡಿದ್ದ. ಈಗ ಟಯರುಗಳು ಎರಡೂ ಬದಿಗೆ ನಾಲ್ಕು ಬೆರಳು ಅಗಲ ಹೊರಗೆ ಬಂದಿದ್ದವು. ಗಾಡಿ ಕುಲುಕಿದರೆ ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತವೆ. ಅದನ್ನು ಕತ್ತರಿಸಿ ದೊಡ್ಡದು ಕೂರಿಸಬೇಕು. ಅಲ್ಲಿಗೆ ಬಂದು ಅವನ ಕೈ ನಿಂತುಬಿಟ್ಟಿತ್ತು. ಮೂರು ವಾರದಿಂದ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ, ಒರೆಸುತ್ತಿದ್ದ. ಹತ್ತೊಂಬತ್ತು ವರ್ಷ ಮೈ ತೊಳೆದ ಗಾಡಿ.

ಅವಳಿಗೆ ಎಲ್ಲ ಕಾಣುತ್ತಿತ್ತು.

ಪ್ರತಿ ವಾರದ ಹಾಗೆ ಆ ಭಾನುವಾರವೂ ಹತ್ತು ಗಂಟೆಗೆ ಅವನ ಅಣ್ಣ ಬಂದ. ಜೊತೆಗೆ ಬಿಳಿ ಬೂಟಿನ ಒಬ್ಬ ಮನುಷ್ಯ, ಹೆದ್ದಾರಿ ಪಕ್ಕದ ಹೊಸ ಹೋಟೆಲಿನ ಮಾಲೀಕ. ಅವನು ಜೀಪಿನ ಸುತ್ತ ಒಂದು ಸುತ್ತು ಬಂದು, ಬೆರಳ ಗೆಣ್ಣಿನಲ್ಲಿ ತಗಡನ್ನು ಟಕಟಕ ತಟ್ಟಿದ.

“ಬಾಡಿ ಒರಿಜಿನಲ್ಲೇ. ನಂಗೆ ಬೇಕಾಗಿರೋದು ಇದೇ. ಇಂಜಿನ್ ಬೇಡ, ಬಿಚ್ಚಿಟ್ಕೊಳ್ಳಿ. ಗೇಟಿನ ಹತ್ತಿರ ಕಟ್ಟೆ ಕಟ್ಟಿಸಿ ಮೇಲೆ ನಿಲ್ಲಿಸ್ತೀನಿ. ಬಾನೆಟ್ ತುಂಬ ಹೂಕುಂಡ. ಬಂದವರೆಲ್ಲ ಫೋಟೋ ತೆಗೆಸ್ಕೋತಾರೆ.”

“ಇವನಿಗೂ ಪಕ್ಕದಲ್ಲೇ ಒಂದು ಕುರ್ಚಿ ಕೊಡ್ತಾರಂತಮ್ಮಾ,” ಎಂದ ಅಣ್ಣ ಅವಳ ಕಡೆ ತಿರುಗಿ. “ಖಾಕಿ ಹಾಕ್ಕೊಂಡು ಕೂತಿದ್ರಾಯ್ತು. ಕಾರು ಬಂದಾಗ ಒಂದು ಸಲಾಮು.”

ಭಾವ ಕೆಟ್ಟವರಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಹನ್ನೊಂದು ರಾತ್ರಿ ಕಳೆದವರು. ಅದು ಅವಳಿಗೆ ನೆನಪಿತ್ತು.

ಡ್ರೈವರ್ ಅಷ್ಟರಲ್ಲಿ ತೆವಳಿಕೊಂಡು ಹೊರಗೆ ಬಂದು ನೆಲದ ಮೇಲೆ ಕೂತಿದ್ದ. ಮಾತೆಲ್ಲ ಅವನ ತಲೆಯ ಮೇಲೆಯೇ ಹಾದುಹೋಗುತ್ತಿತ್ತು. ಏಳೋಣವೆಂದರೆ ಕಾಲು ಗೋಡೆಯ ಹತ್ತಿರ. ಹೋಟೆಲಿನವನಿಗೆ ಜೀಪಿನ ಆ ಮಗ್ಗುಲನ್ನು ನೋಡಬೇಕಿತ್ತು. ಅಡ್ಡ ಬಂದ ಪೊರಕೆಯನ್ನು ಸರಿಸುವ ಹಾಗೆ ಅವನು ಆ ಕಾಲನ್ನು ಎತ್ತಿ ಮೂಲೆಗೆ ಇಟ್ಟ.

ಮಿಷನ್ನಿನ ಸದ್ದು ನಿಂತಿತು.

ಅವಳು ಇಳಿದು ಬಂದು ಕಾಲನ್ನು ತೆಗೆದು ಗಂಡನ ತೊಡೆಯ ಮೇಲಿಟ್ಟಳು. ಬ್ಲೌಸಿನ ನಮೂನೆ ತೆಗೆಯುವ ಕಂದು ಕಾಗದ ತಂದು ಮಡ್‌ಗಾರ್ಡಿನ ಮೇಲೆ ಹರಡಿ, ಅಂಗೈಯಿಂದ ಒತ್ತಿ ಅಂಚು ಮೂಡಿಸಿದಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು.

“ಟಯರ್ ಎಷ್ಟು ಮೇಲೆ ಏಳುತ್ತೆ?”

ಅವನು ಕಣ್ಣರಳಿಸಿ ನೋಡಿದ. “ಐದಿಂಚು... ಐದೂವರೆ.”

“ಸಡಿಲ ಎಷ್ಟು ಬಿಡ್ಲಿ?”

“ಒಂದು ಬಿಡು.”

“ಏನಮ್ಮಾ ಮಾಡ್ತಿದ್ದೀಯ?” ಅಣ್ಣ ಮುಂದೆ ಬಂದ. “ಕತ್ತರಿಸಿಬಿಟ್ರೆ ಇವರು ತಗೊಳ್ಳಲ್ಲ!”

“ಗೊತ್ತು ಭಾವ. ಮೂವತ್ತು ವರ್ಷದಿಂದ ಕತ್ತರಿಸ್ತಾನೇ ಇದೀನಿ. ಕತ್ತರಿ ಬಿದ್ದ ಬಟ್ಟೇನ ಯಾವ ಅಂಗಡಿಯವನೂ ವಾಪಸ್ ತಗೊಳ್ಳಲ್ಲ.”

“ಇವನಿಗೆ ಬುದ್ಧಿ ಇಲ್ಲ ಅಂದ್ರೆ ನಿಂಗೂ ಇಲ್ವಾ? ಮತ್ತೆ ಉರುಳಿದ್ರೆ?” ಅಣ್ಣನ ದನಿ ಒಡೆಯಿತು.

ಅವಳು ಗಂಡನ ಸೀಮೆಸುಣ್ಣ ಕೈಗೆತ್ತಿಕೊಂಡಳು. ಇದೇ ಪ್ರಶ್ನೆ ಅವಳನ್ನೂ ಎಷ್ಟೋ ಸಲ ಬೆಚ್ಚಿಬೀಳಿಸಿತ್ತು. “ಉರುಳಿದ್ರೆ ಇಬ್ಬರೂ ಉರುಳ್ತೀವಿ. ಪಕ್ಕದಲ್ಲಿ ನಾನೂ ಕೂತಿರ್ತೀನಿ,” ಎಂದು ಗೆರೆ ಎಳೆದೇಬಿಟ್ಟಳು.

ಡ್ರೈವರ್ ಕಾಲು ಕಟ್ಟಿಕೊಂಡು ಎದ್ದ. ತಗಡು ಕತ್ತರಿಸುವ ಗ್ರೈಂಡರಿನ ವೈರನ್ನು ಪ್ಲಗ್ಗಿಗೆ ಸಿಕ್ಕಿಸಿ ಅವಳ ಕೈಗೆ ಕೊಟ್ಟು, ಕಿಡಿ ತಾಗದಂತೆ ತನ್ನ ಕನ್ನಡಕ ಬಿಚ್ಚಿ ಅವಳ ಕಣ್ಣಿಗೆ ಹಾಕಿದ. “ಒತ್ತಬೇಡ. ಅದೇ ಕೊಯ್ಕೊಂಡು ಹೋಗುತ್ತೆ, ನೀನು ದಾರಿ ತೋರಿಸು ಸಾಕು.”

ಕಿಡಿಗಳು ಬಿಳಿ ಬೂಟುಗಳ ತನಕ ಹಾರಿದವು. ಹೋಟೆಲಿನವನು ನೆಗೆದು ಗೇಟಿನಾಚೆ ನಿಂತ. ಮೊದಲ ಗೇಣಿನಷ್ಟು ಗೆರೆ ಸೊಟ್ಟಗಾಯಿತು; ಬಟ್ಟೆಯಾದರೆ ಎಳೆದು ಸರಿಮಾಡಬಹುದು, ತಗಡು ಮಾತು ಕೇಳುವುದಿಲ್ಲ. ಆಮೇಲೆ ಕೈ ಕುದುರಿತು. ಮಡ್‌ಗಾರ್ಡಿನ ಚೂರು ಠಣ್ಣೆಂದು ಕಲ್ಲಿನ ಮೇಲೆ ಬಿದ್ದಾಗ ಅವಳು ತಲೆ ಎತ್ತಿದಳು. ಅಣ್ಣ ಬೀದಿಯುದ್ದಕ್ಕೂ ಹೋಟೆಲಿನವನಿಗೆ ಏನೋ ಸಮಜಾಯಿಷಿ ಹೇಳುತ್ತಾ ಹೋಗುತ್ತಿದ್ದ. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಡ್ರೈವರ್ ಎರಡು ದಿನವೂ ಆಗಾಗ ಗೇಟಿನ ಕಡೆ ನೋಡಿದ.

ನಾಲ್ಕು ಮಡ್‌ಗಾರ್ಡುಗಳಿಗೆ ಹದಿನೈದು ದಿನ ಹಿಡಿಯಿತು. ಅವಳು ಕತ್ತರಿಸಿದಳು, ಅವನು ಬೆಸುಗೆ ಹಾಕಿದ. ಹಿಂದಿನ ಬಲಗಡೆಯದು ಕೊಂಚ ಉದ್ದವಾಯಿತು. “ಯಾರಾದ್ರೂ ಕೇಳಿದ್ರೆ ಟೈಲರ್ ಊರಲ್ಲಿಲ್ಲ ಅನ್ನಿ,” ಎಂದಳು.

ಸೋಮವಾರ ಬೆಳಿಗ್ಗೆ ಊರಾಚೆಯ ಕಲ್ಲುಗುಡ್ಡಕ್ಕೆ ಹೊರಟರು. ಬುಡದಲ್ಲಿ ಅವನು ಗಾಡಿ ನಿಲ್ಲಿಸಿದ. ದಾರಿ ಗುಡ್ಡದ ಮಗ್ಗುಲನ್ನು ಬಳಸಿಕೊಂಡು ಓರೆಯಾಗಿ ಏರುತ್ತಿತ್ತು.

“ಬೇಕಿದ್ರೆ ಇಳ್ಕೊ. ನಾನು ಮೇಲೆ ಹೋಗಿ ಬರ್ತೀನಿ.”

“ಇಳಿಯೋಕೆ ಬಂದಿಲ್ಲ. ಹತ್ತಿಸಿ.”

ಅವನು ಕ್ಲಚ್ಚಿನ ಸನ್ನೆಕೋಲು ಎಳೆದು ಗೇರು ಹಾಕಿದ. ಜೀಪು ವಾಲಿತು, ಇನ್ನೂ ವಾಲಿತು. ಅವಳ ಭುಜ ಅವನ ಭುಜಕ್ಕೆ ಒತ್ತಿತು; ಕಿಟಕಿಯ ಆಚೆ ಬರೀ ಆಕಾಶ. ಅವಳು ಕಣ್ಣು ಮುಚ್ಚಲಿಲ್ಲ. ವಾಲಿದ ಗಾಡಿ ಹಾಗೆಯೇ, ನೆಲ ಕಚ್ಚಿಕೊಂಡು, ನಿಧಾನವಾಗಿ ಏರುತ್ತಾ ಹೋಯಿತು.

ತುದಿಯಲ್ಲಿ ಇಂಜಿನ್ ಆರಿಸಿದ. ಇಬ್ಬರೂ ಇಳಿದು, ಏರಿ ಬಂದ ದಾರಿಯನ್ನು ನೋಡುತ್ತಾ ನಿಂತರು. ಹಸಿ ಮಣ್ಣಿನಲ್ಲಿ ಯಾವ ಕಾಲದ್ದೋ ಗಾಡಿಗಳು ಕೊರೆದ ಎರಡು ಹಳೆಯ ಜಾಡುಗಳಿದ್ದವು. ಅವುಗಳ ಆಚೆಗೊಂದು ಈಚೆಗೊಂದು, ನಾಲ್ಕು ಬೆರಳು ಹೊರಗೆ, ಹುಲ್ಲನ್ನು ಮಲಗಿಸಿಕೊಂಡು, ಹೊಸ ಗೆರೆಗಳು ಬುಡದಿಂದ ಅವರ ಕಾಲಿನ ತನಕ ಬಂದಿದ್ದವು.